ಸಾಕುಮನೆಯೂ ಸರಕಾರವೂ: 1945ರ ಒಂದು ಪ್ರಕರಣ

ದತ್ತಕಕ್ಕೆ ನಮ್ಮ ಧರ್ಮಶಾಸ್ತ್ರಗಳಲ್ಲಿ ವಿಸ್ತಾರವಾದ ವಿಧಿಯುಂಟು. ಪರರ ಮಗುವನ್ನು ಪರರದೆಂದು ತಿಳಿದೇ ಸಾಕಿದವರಿಗೆ ಮನ್ನಣೆ ಕೊಟ್ಟದ್ದು ಹೆಚ್ಚಾಗಿ ಕಾವ್ಯವೇ. ಕರ್ಣನು ಕೌಂತೇಯನಾಗಿರುವಂತೆ ರಾಧೇಯನೂ ಅಲ್ಲವೆ? ಸಾಕುವವರನ್ನು ಸರಕಾರವೇ ಆರಿಸಿ, ಹಣ ಕೊಟ್ಟು, ಮಗುವನ್ನು ಒಪ್ಪಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ ಬಡವರ ಪಾಲನೆಯ ಕಾನೂನಿನ ಅಂಗವಾಗಿ ಬೆಳೆಯಿತು. 1870ರ ಆಜ್ಞೆಯೊಂದು ಅದಕ್ಕೆ ನಿಯಮಗಳನ್ನು ವಿಧಿಸಿತ್ತು. ನಿಯಮಗಳಿದ್ದೂ ಏನಾಗಬಹುದೆಂಬುದು 1945ರಲ್ಲಿ ತಿಳಿಯಿತು.

ವೇಲ್ಸಿನ ನ್ಯೂಪೋರ್ಟ್ ನಗರಸಭೆಯ ವಶದಲ್ಲಿದ್ದ ಡೆನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಬಾಲಕನನ್ನು 1944ರ ಬೇಸಗೆಯಲ್ಲಿ ಶ್ರಾಪ್‌ಷೈರ್ ಸೀಮೆಯ ಒಕ್ಕಲು ಮನೆಯೊಂದಕ್ಕೆ ಕಳುಹಿಸಲಾಯಿತು. ಅವನ ತಮ್ಮನೂ ಅಲ್ಲಿಗೇ ಬಂದನು. ಮಗು ಒಂದು ಊರಿನದು, ಮನೆ ಇನ್ನೊಂದು ಸೀಮೆಯದು. ನೋಡಿಕೊಳ್ಳುವ ಹೊಣೆ ಎರಡು ಕಚೇರಿಗಳ ನಡುವೆ ಬಿದ್ದುಹೋಯಿತು. ಡಿಸೆಂಬರಿನಲ್ಲಿ ನಗರಸಭೆಯ ಮಹಿಳಾ ಗುಮಾಸ್ತೆಯೊಬ್ಬರು ಹೋಗಿ ನೋಡಿ, ಹುಡುಗನನ್ನು ಆ ಮನೆಯಿಂದ ಬಿಡಿಸಬೇಕೆಂದು ವರದಿ ಮಾಡಿದರು. ವರದಿ ಫಲಿಸುವ ಮುನ್ನವೇ, 1945ನೆಯ ಜನವರಿ 9ರಂದು, ಪೆಟ್ಟು ಮತ್ತು ಹಸಿವುಗಳಿಂದ ಬಾಲಕನು ತೀರಿಕೊಂಡನು. ಸಾಕುತಂದೆಗೆ ಆರು ವರ್ಷ, ಸಾಕುತಾಯಿಗೆ ಆರು ತಿಂಗಳು ಸೆರೆಯಾಯಿತು.

ವಿಚಾರಣೆ ನಡೆಸಿದವರು ಸರ್ ವಾಲ್ಟರ್ ಮಂಕ್ಟನ್. (ನಿಜಾಮರ ಸಲಹೆಗಾರರಾಗಿದ್ದ ಇವರು ಹೈದರಾಬಾದಿನ ಕನ್ನಡಿಗರಿಗೆ ಅಪರಿಚಿತರಲ್ಲ.) ಮುಂದಿನ ಸುಧಾರಣೆಗೆಲ್ಲ ಈ ಮರಣವೊಂದೇ ಕಾರಣವೆಂಬ ಮಾತು ಪೂರ್ತಿ ಸರಿಯಲ್ಲ, ಲೇಡಿ ಆಲನ್ ಅವರು ‘ಟೈಮ್ಸ್’ ಪತ್ರಿಕೆಗೆ ಬರೆದ ಪತ್ರದಿಂದ ಚರ್ಚೆ 1944ರಲ್ಲಿಯೇ ಮೊದಲಾಗಿತ್ತು. ಆದರೆ ಜನರ ಮನಸ್ಸನ್ನು ಕಲಕಿದ್ದು ಆ ಹುಡುಗನ ಸಾವು.

ಮೈರಾ ಕರ್ಟಿಸ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ವರದಿಯನ್ನೊಪ್ಪಿಸಿತು. ಇಷ್ಟಾದ ಮೇಲೆ ಸಾಕುಮನೆಗಳನ್ನೇ ಕೈಬಿಡಬೇಕೆಂದು ಅದು ಹೇಳಬಹುದಿತ್ತು, ಹೇಳಲಿಲ್ಲ. ದೊಡ್ಡ ಅನಾಥಾಲಯಕ್ಕಿಂತ ಒಳ್ಳೆಯ ಸಾಕುಮನೆಯೇ ಮೇಲೆಂದು ಎಣಿಸಿ, ಮಗುವನ್ನು ಸ್ವತಃ ಬಲ್ಲ ಒಬ್ಬ ಅಧಿಕಾರಿ ಇರಬೇಕೆಂದು ಕೇಳಿತು. 1948ರ ಮಕ್ಕಳ ಕಾಯಿದೆಯಿಂದ ಸ್ಥಳೀಯ ಆಡಳಿತಗಳಲ್ಲಿ ಮಕ್ಕಳ ಅಧಿಕಾರಿಗಳ ನೇಮಕವಾಯಿತು. ಸಾಕುಮನೆ ಸಾಧ್ಯವಾಗದಿದ್ದಲ್ಲಿ ಮಾತ್ರ ಆಶ್ರಮವೆಂಬ ಕ್ರಮವನ್ನೂ ಅದು ವಿಧಿಸಿತು.

ಭಾರತದಲ್ಲಿ 2000ದ ಬಾಲನ್ಯಾಯ ಕಾಯಿದೆಯು ಸಾಕುಕುಟುಂಬವನ್ನು ಹೆಸರಿಸಿತು. 2015ರ ಕಾಯಿದೆಯ 44ನೆಯ ಕಲಮು ಇನ್ನೂ ಸ್ಪಷ್ಟವಾದುದು: ಕುಟುಂಬಕ್ಕೆ ಸರಕಾರದಿಂದ ಮಾಸಿಕ ಹಣ, ಮಕ್ಕಳ ಕಲ್ಯಾಣ ಸಮಿತಿಯಿಂದ ಮಾಸಿಕ ತಪಾಸಣೆ, ಪಾಲನೆಯಲ್ಲಿ ಕೊರತೆ ಕಂಡರೆ ಮಗುವನ್ನು ಬೇರೆ ಮನೆಗೆ ಒಯ್ಯುವ ಅಧಿಕಾರ, ಮೂರನ್ನೂ ಅದು ಒಂದೇ ಕಡೆ ಇಟ್ಟಿದೆ.