ಅಂಗಾಂಶ ಹಂದರ

ನಷ್ಟವಾದ ಅಂಗಾಂಶವು ಪುನಃ ಬೆಳೆಯುವಂತೆ ಜೀವಕೋಶಗಳಿಗೆ ಆಶ್ರಯವನ್ನಿತ್ತು, ಕಾರ್ಯ ತೀರಿದ ಬಳಿಕ ದೇಹದಲ್ಲಿಯೇ ಕ್ರಮೇಣ ಕರಗಿಹೋಗತಕ್ಕ ಸರಂಧ್ರ ಜೈವಿಕ ವಸ್ತು. ಇದರ ಪರಮ ಕ್ಲೇಶವು ರಕ್ತನಾಳಗಳದು: ಪ್ರಾಣವಾಯುವು ಲೋಮನಾಳದಿಂದ ಸುಮಾರು 100ರಿಂದ 200 ಮೈಕ್ರೊಮೀಟರಿನಷ್ಟು ದೂರ ಮಾತ್ರವೇ ಪಸರಿಸಬಲ್ಲುದಾದ ಕಾರಣ, ದಪ್ಪನೆಯ ಹಂದರದ ಗರ್ಭದಲ್ಲಿರುವ ಕೋಶಗಳು, ಹೊಸ ನಾಳಗಳು ಅಲ್ಲಿಗೆ ಚಿಗುರಿ ಬರುವ ಮುನ್ನವೇ ಸಾಯುವುವು. ಮಧುಮೇಹಿಯ ಕಾಲಿನ ಹುಣ್ಣು ಮಾಯದಿರುವುದಕ್ಕೂ ರಕ್ತಸಂಚಾರದ ಕೊರತೆಯೇ ಒಂದು ಮುಖ್ಯ ಕಾರಣವಾದುದರಿಂದ, ಈ ಸಮಸ್ಯೆ ಪ್ರಯೋಗಶಾಲೆಗೆ ಮಾತ್ರ ಸೇರಿದುದಲ್ಲ. ರಂಧ್ರಗಳು ಪರಸ್ಪರ ಕೂಡಿಕೊಂಡಿರುವಂತೆ ರಚಿಸುವುದು, ನಾಳದ ಒಳಪದರದ ಕೋಶಗಳನ್ನು ಮುಂಚಿತವಾಗಿ ಬಿತ್ತುವುದು, ನಾಳವರ್ಧಕ ಪ್ರೋಟೀನನ್ನು ಮೆಲ್ಲಮೆಲ್ಲನೆ ಒಸರಿಸುವುದು ಇದಕ್ಕೆ ಉಪಾಯಗಳು. ಪ್ರೋಟೀನು ಅತಿಯಾದರೆ, ಇಲ್ಲವೆ ಒಮ್ಮೆಲೇ ಹೊರಬಿದ್ದರೆ, ಸೋರುವ ಅಪಕ್ವ ನಾಳಗಳು ಹುಟ್ಟುವುದರಿಂದ, ಪ್ರಮಾಣದಷ್ಟೇ ಕಾಲಕ್ರಮವೂ ಮುಖ್ಯವೆನ್ನಬೇಕು.

ರೇಷ್ಮೆಯ ಬೀಡಾದ ಕನ್ನಡನಾಡಿಗೆ ಈ ವಿದ್ಯೆಯೊಡನೆ ಸಹಜವಾದ ನಂಟಿದೆ: ರೇಷ್ಮೆಗೂಡನ್ನು ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ಕಳೆದ ಮೇಲೆ ಉಳಿಯುವ ಫೈಬ್ರೋಯಿನ್ ಎಂಬ ಪ್ರೋಟೀನು ಹಂದರಕ್ಕೆ ಅತ್ಯುತ್ತಮ ದ್ರವ್ಯಗಳಲ್ಲೊಂದು. ಈ ವಿದ್ಯೆಯ ಸಂಶೋಧನೆಯೂ ಇಲ್ಲಿ ನಡೆದಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 2013ರ ಭಟ್ನಾಗರ್ ಪ್ರಶಸ್ತಿ ಪಡೆದ ಬಿಕ್ರಮ್‌ಜಿತ್ ಬಸು ಮೂಳೆಗೆ ಒಗ್ಗುವ ವಸ್ತುಗಳನ್ನೂ, ಕೌಶಿಕ್ ಚಟರ್ಜಿ ಪಾಲಿಮರ್ ಹಂದರಗಳನ್ನೂ ಅಭ್ಯಸಿಸಿದ್ದಾರೆ. ಅದೇ ನಗರದ ಪಂಡೋರಂ ಸಂಸ್ಥೆಯು 2015ರಲ್ಲಿ ಮೂರು ಆಯಾಮದ ಮುದ್ರಣವಿಧಾನದಿಂದ ರಚಿಸಿದ ಯಕೃತ್ತಿನ ಅಂಗಾಂಶವನ್ನು ಪ್ರಕಟಪಡಿಸಿತು.