ಧ್ವಜ, ವಾದ್ಯ, ನೃತ್ಯ: ಅಮೆರಿಕದ ಕವಾಯತು ವಾದ್ಯಮೇಳದ ಚರಿತ್ರೆಯಲ್ಲಿ ಒಂದು ವಿಚಾರ

ಗೀತ, ವಾದ್ಯ, ನೃತ್ಯಗಳೆಂಬ ಮೂರೂ ಕೂಡಿದುದೇ ಸಂಗೀತವೆಂಬುದು ೧೩ನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದ ಮತ. ಆದರೆ ಮೂರೂ ಒಂದು ಹೆಸರಿನಲ್ಲಿ ಅಡಗಿವೆಯೆಂದ ಮಾತ್ರಕ್ಕೆ ಮೂರನ್ನೂ ಒಬ್ಬನೇ ನಡಸಬೇಕೆಂದು ಶಾಸ್ತ್ರವು ವಿಧಿಸಿಲ್ಲ. ಭರತನ ನಾಟ್ಯಶಾಸ್ತ್ರವು ವಾದ್ಯಗಾರರ ಕುತಪಕ್ಕೆ ನೇಪಥ್ಯದ ಎರಡು ಬಾಗಿಲುಗಳ ನಡುವೆ ಸ್ಥಾನವನ್ನು ಕಲ್ಪಿಸಿದೆ. ನುಡಿಸುವವನು ಅಲ್ಲಿ ಕುಳಿತಿರುತ್ತಾನೆ, ಕುಣಿಯುವವನು ರಂಗದಲ್ಲಿ ಸಂಚರಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿಯಾದರೋ ಡೊಳ್ಳನ್ನು ಬಿಗಿದುಕೊಂಡವನೇ ಕುಣಿಯುತ್ತಾನೆ. ಮಲೆಯ ಮಹದೇಶ್ವರನ ದೇವರಗುಡ್ಡರು ಕಂಸಾಳೆಯನ್ನು ಬೀಸುತ್ತಲೇ ಹೆಜ್ಜೆಯನ್ನು ಹಾಕುತ್ತಾರೆ. ವಾದಕನೂ ನರ್ತಕನೂ ಬೇರೆಯಾಗಿರುವುದು ಒಂದು ವ್ಯವಸ್ಥೆ. ಇಬ್ಬರೂ ಒಬ್ಬನೇ ಆಗಿರುವುದು ಮತ್ತೊಂದು ವ್ಯವಸ್ಥೆ. ಒಂದು ಜನಾಂಗದ ಕಲೆಯು ಮೊದಲನೆಯದರಿಂದ ಎರಡನೆಯದಕ್ಕೆ ಹೇಗೆ ಸರಿಯುತ್ತದೆ, ಸರಿದಾಗ ಪಡೆಯುವುದೇನು, ಕಳೆದುಕೊಳ್ಳುವುದೇನು ಎಂಬುದು ವಿಚಾರಾರ್ಹವಾದ ವಿಷಯ.

ಈ ಪರಿವರ್ತನೆಯು ಸ್ಪಷ್ಟವಾದ ಕಾಲಸೂಚಿಗಳೊಡನೆ ನಡೆದಿರುವ ದೇಶಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಮುಖ್ಯವಾದುದು. ಅಲ್ಲಿಯ ಮಾರ್ಚಿಂಗ್ ಬ್ಯಾಂಡಿನಲ್ಲಿ, ಎಂದರೆ ನಡೆಯುತ್ತ ನುಡಿಸುವ ವಾದ್ಯಮೇಳದಲ್ಲಿ, ಮೊದಲು ವಾದಕನು ವಾದಕನಾಗಿಯೂ ಧ್ವಜಧಾರಿಯು ಧ್ವಜಧಾರಿಯಾಗಿಯೂ ಇದ್ದರು. ಇಂದು ತುತ್ತೂರಿಯವನು ತುತ್ತೂರಿಯನ್ನು ಕೆಳಗಿಟ್ಟು ನರ್ತಿಸುವುದುಂಟು, ಪತಾಕೆಯನ್ನು ಕೈಗೆ ಕೊಂಡು ಬೀಸುವುದೂ ಉಂಟು. ಈ ಮಾರ್ಪಾಟಿನ ಚರಿತ್ರೆಯನ್ನು ಸಂಗ್ರಹಿಸಿ ಅದರ ಅರ್ಥವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ದಂಡಿನ ವಾದ್ಯವು ಮೊದಲು ಕಿವಿಯ ಸುಖಕ್ಕಾಗಿ ಹುಟ್ಟಿದುದಲ್ಲ. ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಶಿಸ್ತನ್ನು ಕಲಿಸಿದ ಪ್ರಷ್ಯಾ ದೇಶದ ಫಾನ್ ಸ್ಟಾಯ್ಬೆನ್ ಎಂಬಾತನು ೧೭೭೯ರಲ್ಲಿ ಪ್ರಕಟಿಸಿದ ಕವಾಯತಿನ ಕೈಪಿಡಿಯಲ್ಲಿ ಮದ್ದಳೆಯ ಬೇರೆ ಬೇರೆ ಪೆಟ್ಟುಗಳಿಗೆ ಬೇರೆ ಬೇರೆ ಅರ್ಥಗಳು ನಿಯತವಾಗಿವೆ: ಏಳುವುದಕ್ಕೆ ಒಂದು, ಕೂಡುವುದಕ್ಕೆ ಒಂದು, ನಡೆಯುವುದಕ್ಕೆ ಒಂದು, ಆಯುಧವನ್ನು ಹಿಡಿಯುವುದಕ್ಕೆ ಮತ್ತೊಂದು. ಮದ್ದಳೆಯು ಅಲ್ಲಿ ಸೇನಾಪತಿಯ ನಾಲಗೆ. ಧ್ವಜವಾದರೋ ಕಣ್ಣಿಗೆ ಕೊಟ್ಟ ಆಜ್ಞೆ. ಹೊಗೆ ಕವಿದ ರಣರಂಗದಲ್ಲಿ ತನ್ನ ಪಲ್ಟನ್ನು ಎಲ್ಲಿದೆಯೆಂಬುದನ್ನು ಸಿಪಾಯಿಯು ಧ್ವಜದಿಂದಲೇ ಅರಿಯಬೇಕಾಗಿದ್ದಿತು. ಆದುದರಿಂದಲೇ ಶತ್ರುವಿನ ಗುಂಡು ಮೊದಲು ಧ್ವಜಧಾರಿಯನ್ನೇ ಅರಸುತ್ತಿದ್ದಿತು. ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಧ್ವಜವನ್ನು ಹೊರುವುದು ಗೌರವದ ಕೆಲಸವಾಗಿದ್ದಂತೆಯೇ ಮೃತ್ಯುವಿಗೆ ಹತ್ತಿರದ ಕೆಲಸವೂ ಆಗಿದ್ದಿತು. ಧ್ವಜವನ್ನು ಸುತ್ತುವರಿದು ಕಾಪಾಡುವ ತುಕಡಿಗೆ ಕಲರ್ ಗಾರ್ಡ್ ಎಂದು ಹೆಸರು. ಸ್ಥಿರವಾಗಿ ನಿಲ್ಲುವುದೇ ಈ ಧ್ವಜರಕ್ಷಕರ ಧರ್ಮ; ಧ್ವಜವು ಅಲುಗಾಡಿದರೆ ಪಲ್ಟನ್ನೇ ದಿಕ್ಕೆಟ್ಟಂತೆ.

ಹೀಗೆ ಸದ್ದು, ಧ್ವಜ, ಹೆಜ್ಜೆ ಎಂಬ ಮೂರಕ್ಕೂ ಮೂರು ಬೇರೆ ಅಧಿಕಾರಗಳಿದ್ದುವು. ಆದರೂ ಈ ಶಿಸ್ತಿನ ಒಳಗೇ ವಿನೋದಕ್ಕೆ ಒಂದು ಕಂಡಿಯಿದ್ದಿತು. ತುರ್ಕರ ಮೆಹ್ತರ್ ಮೇಳವನ್ನು ಕಂಡು ಬೆರಗಾದ ಯೂರೋಪಿನ ಸೇನೆಗಳು ೧೮ನೆಯ ಶತಮಾನದಲ್ಲಿ ದೊಡ್ಡ ನಗಾರಿಯನ್ನೂ ತಾಳಗಳನ್ನೂ ತಮ್ಮ ಮೇಳಗಳಿಗೆ ಸೇರಿಸಿಕೊಂಡುವು. ಅವನ್ನು ಬಾರಿಸಲು ಹಲವು ಪಲ್ಟನುಗಳು ಆಫ್ರಿಕಾ ಮೂಲದವರನ್ನು ನೇಮಿಸಿ, ಬಣ್ಣಬಣ್ಣದ ಉಡುಪನ್ನು ತೊಡಿಸಿದುವು. ಇವರು ಕೋಲುಗಳನ್ನು ತಿರುಗಿಸುತ್ತ, ಮೈಯನ್ನು ಬಳುಕಿಸುತ್ತ ಬಾರಿಸುತ್ತಿದ್ದರು. ನುಡಿಸುವ ದೇಹವೇ ನೋಡತಕ್ಕ ವಸ್ತುವಾಗಬಹುದೆಂಬುದಕ್ಕೆ ಪಾಶ್ಚಾತ್ಯ ದಂಡಿನಲ್ಲಿ ಇದು ಹಳೆಯ ನಿದರ್ಶನ. ಆದರೆ ಆ ನೋಟದಲ್ಲಿ ಮೆಚ್ಚಿಗೆಯ ಜೊತೆಗೆ ತಾತ್ಸಾರವೂ ಬೆರೆತಿದ್ದಿತು. ಕುಣಿಯುವ ವಾದಕನು ವಿಚಿತ್ರವಸ್ತುವೇ ಹೊರತು ಪಂಡಿತನಲ್ಲವೆಂಬ ಭಾವನೆಯು ಮುಂದೆಯೂ ಬಹುಕಾಲ ಉಳಿಯಿತು.

೨

ಯುದ್ಧದ ರೀತಿಯು ಬದಲಾದಂತೆ ಮದ್ದಳೆಯೂ ಧ್ವಜವೂ ರಣರಂಗದಲ್ಲಿ ನಿರುಪಯುಕ್ತವಾದುವು. ಉಪಯೋಗವು ಹೋದ ಮೇಲೆ ಉಳಿದುದು ರೂಪ; ಆ ರೂಪವು ವಿದ್ಯಾಶಾಲೆಗಳ ಆಟದ ಬಯಲನ್ನು ಸೇರಿತು. ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯದ ಮೇಳವು ೧೯೦೭ರಲ್ಲಿ ಬಯಲಿನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರದ ಆಕಾರದಲ್ಲಿ ನಿಂತಿತು. ಇದು ಸಣ್ಣ ಸಂಗತಿಯಂತೆ ಕಂಡರೂ ಇದರಲ್ಲಿ ಒಂದು ತತ್ತ್ವವು ಅಡಗಿದೆ. ಸೇನೆಯ ಸಾಲು ಶತ್ರುವಿಗೆ ಎದುರಾಗಿ ನಿಂತುದು. ಈ ಸಾಲು ಪ್ರೇಕ್ಷಕನಿಗೆ ಎದುರಾಗಿ ನಿಂತುದು. ಅಂದಿನಿಂದ ಮೇಳವು ಓದತಕ್ಕ ಚಿತ್ರವಾಯಿತು.

ಚಿತ್ರವು ಚಲಿಸಬೇಕಾದರೆ ಹೆಜ್ಜೆಯ ಅಳತೆಯು ಬದಲಾಗಬೇಕಾಯಿತು. ಸೇನೆಯ ಹೆಜ್ಜೆ ೩೦ ಅಂಗುಲ. ಅಮೆರಿಕದ ಫುಟ್‌ಬಾಲ್ ಬಯಲಿನಲ್ಲಿ ೫ ಗಜಗಳಿಗೊಂದರಂತೆ ಬಿಳಿಯ ಗೆರೆಗಳನ್ನು ಎಳೆದಿರುತ್ತಾರೆ. ೫ ಗಜಕ್ಕೆ ೧೮೦ ಅಂಗುಲವಾದುದರಿಂದ ಸೇನೆಯ ನಡಿಗೆಯಲ್ಲಿ ಗೆರೆಯಿಂದ ಗೆರೆಗೆ ೬ ಹೆಜ್ಜೆಗಳಾಗುತ್ತವೆ. ಆದರೆ ಮೇಳದ ಪಾಟುಗಳು ಬಹುಮಟ್ಟಿಗೆ ನಾಲ್ಕು ಎಣಿಕೆಗಳ ಆವರ್ತದವು. ಅವುಗಳ ವಾಕ್ಯಗಳು ಎಂಟು, ಹದಿನಾರು ಎಣಿಕೆಗಳಲ್ಲಿ ಮುಗಿಯುವುವು. ಆರರ ನಡಿಗೆಯೂ ಎಂಟರ ವಾಕ್ಯವೂ ಒಂದೆಡೆ ಕೂಡಲಾರವು. ಹೆಜ್ಜೆಯನ್ನು ೨೨½ ಅಂಗುಲಕ್ಕೆ ಇಳಿಸಿ, ೫ ಗಜಕ್ಕೆ ೮ ಹೆಜ್ಜೆಗಳೆಂದು ಗೊತ್ತುಮಾಡಿದ ಮೇಲೆ ಎರಡು ಆವರ್ತಗಳು ಮುಗಿಯುವಾಗಲೇ ಕಾಲು ಗೆರೆಯನ್ನು ಮುಟ್ಟಿತು. ಭೂಮಿಯ ಅಳತೆಯೂ ಕಾಲದ ಅಳತೆಯೂ ಒಂದಾದುವು. ನಡಿಗೆಯು ನೃತ್ಯವಾಗುವುದಕ್ಕೆ ಬೇಕಾದ ಮೊದಲ ಸಂಸ್ಕಾರವು ಇದೇ ಎಂದು ಹೇಳಬಹುದು. ಹೆಜ್ಜೆಯು ಇಲ್ಲಿ ದೂರವನ್ನು ಸವೆಸುವ ಸಾಧನವಾಗಿ ಉಳಿಯದೆ ತಾಳದ ಅಂಗವಾಯಿತು.

೩

ಇಲ್ಲಿಂದ ಮುಂದೆ ಚರಿತ್ರೆಯು ಎರಡು ಕವಲಾಗಿ ಹರಿಯುತ್ತದೆ. ಮೊದಲನೆಯದು ದಕ್ಷಿಣ ಸಂಸ್ಥಾನಗಳ ನೀಗ್ರೋ ವಿದ್ಯಾಶಾಲೆಗಳದು. ಈ ಹೆಸರು ಈಗ ಬಳಕೆಯಲ್ಲಿಲ್ಲ, ಆಫ್ರಿಕನ್ ಅಮೆರಿಕನ್ನರೆಂದು ಕರೆಯುವುದೇ ಉಚಿತ. ಆ ಜನಕ್ಕೆ ದಂಡಿನ ವಾದ್ಯವು ಅಪರಿಚಿತವಾಗಿರಲಿಲ್ಲ. ೧೯೧೮ರಲ್ಲಿ ಜೇಮ್ಸ್ ರೀಸ್ ಯೂರೋಪನು ನಡಸಿದ ೩೬೯ನೆಯ ಪದಾತಿದಳದ ಮೇಳವು ಫ್ರಾನ್ಸಿನ ಜನರಿಗೆ ಹೊಸ ಲಯವೊಂದನ್ನು ಕೇಳಿಸಿತ್ತು. ಆದರೆ ಸ್ವದೇಶದಲ್ಲಿ ಅವರಿಗೆ ದೊರೆಯುತ್ತಿದ್ದ ಸ್ಥಾನವೇ ಬೇರೆ. ವಿಲಿಯಂ ಫಾಸ್ಟರ್ ಎಂಬ ತರುಣನು ಕನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, ಅವನ ಬಣ್ಣದವರಿಗೆ ವಾದ್ಯಗೋಷ್ಠಿಯ ನಿರ್ದೇಶಕರಾಗುವ ಅವಕಾಶವಿಲ್ಲವೆಂಬ ಉತ್ತರವನ್ನು ಕೇಳಬೇಕಾಯಿತು. ಆತನು ೧೯೪೬ರಲ್ಲಿ ಟ್ಯಾಲಹಾಸಿಯ ಫ್ಲಾರಿಡಾ ಎ ಅಂಡ್ ಎಂ ವಿದ್ಯಾಶಾಲೆಯ ಮೇಳವನ್ನು ವಹಿಸಿಕೊಂಡು, ೧೯೯೮ರ ವರೆಗೆ, ಎಂದರೆ ೫೨ ವರ್ಷಗಳ ಕಾಲ, ಅದನ್ನು ನಡಸಿದನು.

ಫಾಸ್ಟರನ ಮೇಳದಲ್ಲಿ ವಾದಕನೇ ನರ್ತಕ. ಮೊಣಕಾಲನ್ನು ಎತ್ತರಕ್ಕೆ ಒಯ್ಯುವ ನಡಿಗೆ, ಆ ಕಾಲದ ಜನಪ್ರಿಯವಾದ ಹಾಡು, ಆ ಹಾಡಿಗೆ ಜನರು ಮನೆಗಳಲ್ಲಿ ಕುಣಿಯುತ್ತಿದ್ದ ಕುಣಿತ, ಇವೆಲ್ಲವೂ ನೂರಾರು ಜನರ ಒಂದೇ ಹೆಜ್ಜೆಯಾಗಿ ಬಯಲಿಗೆ ಬಂದುವು. ಇದು ಸಾಹಸದ ಕೆಲಸವೆಂಬುದನ್ನು ಗಮನಿಸಬೇಕು. ಕರಿಯರ ಕುಣಿತವನ್ನು ಅಣಕಿಸಿ ನಗಿಸುವ ನಾಟಕಗಳು ಅಮೆರಿಕದಲ್ಲಿ ತಲೆಮಾರುಗಳಿಂದ ನಡೆದುಬಂದಿದ್ದುವು. ಆ ಅಣಕಕ್ಕೆ ಹೆದರಿ ಕುಣಿತವನ್ನೇ ಬಿಟ್ಟು, ಬಿಳಿಯರ ಮೇಳದಂತೆ ಬಿಗಿದು ನಿಲ್ಲುವುದು ಒಂದು ದಾರಿಯಾಗಿದ್ದಿತು. ಫಾಸ್ಟರನು ಹಿಡಿದುದು ಮತ್ತೊಂದು ದಾರಿ. ಕುಣಿತಕ್ಕೆ ಕವಾಯತಿನ ನಿಷ್ಠುರವಾದ ನಿಯಮವನ್ನು ತೊಡಿಸಿ, ಅದು ಚಾಪಲ್ಯವಲ್ಲ, ವಿದ್ಯೆ ಎಂಬುದನ್ನು ಆತನು ಸಿದ್ಧಪಡಿಸಿದನು. ಸೂಸಾ ಪ್ರತಿಷ್ಠಾನದ ಸಡ್ಲರ್ ಪಾರಿತೋಷಕವು ೧೯೮೫ರಲ್ಲಿ ಈ ಮೇಳಕ್ಕೆ ದೊರೆಯಿತು. ೧೯೮೯ರ ಜುಲೈ ೧೪ರಂದು ಫ್ರಾನ್ಸಿನ ಮಹಾಕ್ರಾಂತಿಯ ದ್ವಿಶತಮಾನೋತ್ಸವದ ಮೆರವಣಿಗೆಯಲ್ಲಿ ಅಮೆರಿಕದ ಪ್ರತಿನಿಧಿಯಾಗಿ ಪ್ಯಾರಿಸಿನ ರಾಜಬೀದಿಯಲ್ಲಿ ನುಡಿಸುತ್ತ ಕುಣಿದುದೂ ಇದೇ ಮೇಳ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆಯು ಸ್ತುತಿಪಾಠವಾದೀತು. ಹೊಸಬರನ್ನು ಹೊಡೆದು ಬಡಿದು ಒಳಗೆ ಸೇರಿಸಿಕೊಳ್ಳುವ ದುಷ್ಟ ಪದ್ಧತಿಯಿಂದ ೨೦೧೧ರ ನವೆಂಬರಿನಲ್ಲಿ ಇದೇ ಮೇಳದ ಒಬ್ಬ ವಿದ್ಯಾರ್ಥಿಯು ಪ್ರಾಣವನ್ನು ಕಳೆದುಕೊಂಡನು. ಮೇಳವು ೨೦೧೩ರ ವರೆಗೆ ಬಯಲಿಗಿಳಿಯಲಿಲ್ಲ. ದೇಹವನ್ನು ಕಲೆಗೆ ಅರ್ಪಿಸಬೇಕೆಂಬ ಕಟ್ಟಳೆಯು ದೇಹವನ್ನು ಗುಂಪಿಗೆ ಬಲಿಗೊಡುವ ಕಟ್ಟಳೆಯಾಗಿ ತಿರುಗಬಹುದೆಂಬುದಕ್ಕೆ ಇದು ಶೋಚನೀಯವಾದ ಸಾಕ್ಷಿ.

೪

ಎರಡನೆಯ ಕವಲು ಡ್ರಮ್ ಕೋರ್ ಎಂಬ ಮದ್ದಳೆ–ಕಹಳೆಗಳ ದಳಗಳದು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, ೧೯೧೯ರಲ್ಲಿ ಸ್ಥಾಪಿತವಾದ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಆಶ್ರಯದಲ್ಲಿ ಇವು ಬೆಳೆದುವು. ಪಂದ್ಯಗಳಲ್ಲಿ ತೀರ್ಪುಗಾರರು ಸೈನ್ಯದ ತಪಾಸಣೆಯಂತೆ ತಪ್ಪುಗಳನ್ನು ಎಣಿಸಿ ಅಂಕಗಳನ್ನು ಕಳೆಯುತ್ತಿದ್ದರು. ರಾಷ್ಟ್ರಧ್ವಜವನ್ನು ವಿಧಿಪೂರ್ವಕವಾಗಿ ಮುಂದೆ ತರುವುದು ಬಹುಕಾಲ ಪ್ರದರ್ಶನದ ಅಂಗವಾಗಿದ್ದಿತು. ಇಲ್ಲಿ ಕುಣಿತಕ್ಕೆ ಎಡೆಯೆಲ್ಲಿ? ಆದರೂ ಕುಣಿತವು ಬಂದಿತು. ಬಂದುದು ವಾದಕರಿಂದಲ್ಲ, ಧ್ವಜರಕ್ಷಕರಿಂದ. ರಾಷ್ಟ್ರಧ್ವಜವನ್ನು ಬೀಸಿ ಆಡಿಸುವಂತಿಲ್ಲ. ಬಣ್ಣದ ರೇಷ್ಮೆಯ ಪತಾಕೆಗೆ ಅಂತಹ ನಿಷೇಧವಿಲ್ಲ. ಪತಾಕೆಗಳು ಹೆಚ್ಚಿದಂತೆ ರಕ್ಷಣೆಯು ಹೆಸರಿನಲ್ಲಿ ಮಾತ್ರ ಉಳಿಯಿತು. ಬಂದೂಕವು ಮರದ ಬಂದೂಕವಾಗಿ ಆಕಾಶಕ್ಕೆ ಹಾರಿ ತಿರುಗಿ ಕೈಗೆ ಬರತೊಡಗಿತು. ಸ್ಥಿರತೆಯೇ ಧರ್ಮವಾಗಿದ್ದ ತುಕಡಿಯು ಚಲನೆಯನ್ನೇ ಧರ್ಮವಾಗಿ ಮಾಡಿಕೊಂಡಿತು.

ದಳಗಳೇ ಕೂಡಿ ೧೯೭೧ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸ್ವತಂತ್ರ ಸಂಸ್ಥೆಯನ್ನು ಕಟ್ಟಿದುವು. ಅದರ ಮೊದಲ ಮಹಾಪಂದ್ಯವು ೧೯೭೨ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರಿನಲ್ಲಿ ನಡೆಯಿತು. ಧ್ವಜರಕ್ಷಕರ ಕಲೆಗೇ ಮೀಸಲಾದ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ ೧೯೭೭ರಲ್ಲಿ ಹುಟ್ಟಿತು. ಚಳಿಗಾಲದಲ್ಲಿ ಮುಚ್ಚಿದ ಆಟದ ಮನೆಯಲ್ಲಿ, ವಾದ್ಯಮೇಳದ ಹಂಗಿಲ್ಲದೆ ಮುದ್ರಿತ ಸಂಗೀತಕ್ಕೆ ಕುಣಿಯುವಾಗ, ಈ ಕಲೆಯು ಬ್ಯಾಲೆಯಿಂದಲೂ ನವೀನ ನೃತ್ಯದಿಂದಲೂ ಧಾರಾಳವಾಗಿ ಕಲಿತುಕೊಂಡಿತು. ಹೀಗೆ ಕಲಿತು ಬಯಲಿಗೆ ಮರಳಿದ ನರ್ತಕರ ಪಕ್ಕದಲ್ಲಿ ಬಿಗಿದು ನಿಂತ ತುತ್ತೂರಿಯವನು ಕಂಬದಂತೆ ಕಂಡನು. ಅವನೂ ಕಲಿಯಬೇಕಾಯಿತು.

ಈ ಕಲಿಕೆಯ ಮುಂದಾಳುಗಳಲ್ಲಿ ೧೯೮೫ರಿಂದ ಪಂದ್ಯಕ್ಕಿಳಿದ ಸ್ಟಾರ್ ಆಫ್ ಇಂಡಿಯಾನಾ ಎಂಬ ದಳವು ಸ್ಮರಣೀಯವಾದುದು. ೧೯೯೧ರಲ್ಲಿ ಗೆದ್ದ ಈ ದಳವು, ೧೯೯೩ರಲ್ಲಿ ಬಾರ್ಬರ್ ಮತ್ತು ಬಾರ್ಟೋಕರ ಸಂಗೀತಕ್ಕೆ ದೇಹದ ಭಂಗಿಗಳನ್ನು ಹೊಂದಿಸಿ ಪ್ರದರ್ಶಿಸಿ, ೧ ಅಂಕದ ಹತ್ತನೆಯ ಒಂದು ಪಾಲಿನಿಂದ ಸೋತಿತು. ಅನಂತರ ಅದು ಪಂದ್ಯವನ್ನೇ ತೊರೆದು ರಂಗಭೂಮಿಯ ಕಡೆಗೆ ತಿರುಗಿತು. ಅದರಿಂದ ಹುಟ್ಟಿದ ‘ಬ್ಲಾಸ್ಟ್’ ಎಂಬ ಪ್ರದರ್ಶನವು ೧೯೯೯ರಲ್ಲಿ ಲಂಡನಿನಲ್ಲಿ ಮೊದಲಾಗಿ, ೨೦೦೧ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯನ್ನು ಸೇರಿ, ಅದೇ ವರ್ಷ ಟೋನಿ ಪಾರಿತೋಷಕವನ್ನು ಪಡೆಯಿತು. ಅಲ್ಲಿ ಯಾರು ವಾದಕರು, ಯಾರು ನರ್ತಕರು ಎಂದು ವಿಂಗಡಿಸುವುದೇ ಪ್ರೇಕ್ಷಕನಿಗೆ ಕಷ್ಟವಾಯಿತು.

೫

ಈಗ ಆಕ್ಷೇಪವನ್ನು ಪರಿಶೀಲಿಸಬೇಕು. ಕುಣಿಯುವವನು ಚೆನ್ನಾಗಿ ನುಡಿಸಲಾರನೆಂಬುದು ಪೂರ್ವಪಕ್ಷ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ತುತ್ತೂರಿಯ ನಾದವು ತುಟಿಯ ಬಿಗಿತದಲ್ಲಿಯೂ ಉಸಿರಿನ ಹದದಲ್ಲಿಯೂ ನಿಂತಿದೆ. ಹೆಜ್ಜೆಯ ಕುಲುಕು ತುಟಿಗೆ ಏರಿದರೆ ಸ್ವರವು ಒಡೆಯುತ್ತದೆ. ಏದುಸಿರು ಬಂದರೆ ದೀರ್ಘಸ್ವರವು ತುಂಡಾಗುತ್ತದೆ. ಹಿಮ್ಮಡಿಯಿಂದ ಬೆರಳಿನ ವರೆಗೆ ಪಾದವನ್ನು ಉರುಳಿಸಿ, ಸೊಂಟದ ಮೇಲಿನ ದೇಹವನ್ನು ನಿಶ್ಚಲವಾಗಿಡುವ ನಡಿಗೆಯು ಈ ಅಪಾಯವನ್ನು ತಪ್ಪಿಸಲೆಂದೇ ಬಳಕೆಗೆ ಬಂದಿತು.

ಇದಕ್ಕೆ ಸಿದ್ಧಾಂತವೇನೆಂದರೆ: ನುರಿತ ನಿರ್ದೇಶಕರು ಕಷ್ಟವಾದ ಸ್ವರಸಂಚಾರವನ್ನೂ ಕಷ್ಟವಾದ ಚಲನೆಯನ್ನೂ ಒಬ್ಬನ ಮೇಲೆ ಒಂದೇ ಕ್ಷಣದಲ್ಲಿ ಹೇರುವುದಿಲ್ಲ. ನುಡಿಸುವವರು ನಿಂತಾಗ ವಿರಾಮದಲ್ಲಿರುವವರು ಕುಣಿಯುತ್ತಾರೆ. ಮದ್ದಳೆಗಳು ಮಾತನಾಡುವಾಗ ತುತ್ತೂರಿಗಳು ಕೆಳಗಿರುತ್ತವೆ. ಹಿಂದೆ ಕೆಲಸವು ವ್ಯಕ್ತಿಗಳ ನಡುವೆ ಹಂಚಿಹೋಗಿದ್ದಿತು; ಈಗ ಕಾಲದ ಮಾತ್ರೆಗಳ ನಡುವೆ ಹಂಚಿಹೋಗಿದೆ. ಹಂಚಿಕೆಯು ಅಳಿಯಲಿಲ್ಲ, ಸ್ಥಾನವನ್ನು ಬದಲಾಯಿಸಿತು. ಈ ವಿವೇಕವನ್ನು ಮರೆತ ಮೇಳದಲ್ಲಿ ಆಕ್ಷೇಪವು ನಿಜವಾಗುತ್ತದೆ. ಬಲ್ಲ ಮೇಳದಲ್ಲಿ ಅದು ನಿಲ್ಲುವುದಿಲ್ಲ.

ಎರಡು ಕವಲುಗಳ ವ್ಯತ್ಯಾಸವನ್ನೂ ಇಲ್ಲಿ ಗುರುತಿಸಬೇಕು. ಒಂದರಲ್ಲಿ ಕುಣಿತವು ಜನರ ಬಾಳಿನಿಂದ ಮೇಳಕ್ಕೆ ಇಳಿಯಿತು. ಇನ್ನೊಂದರಲ್ಲಿ ಧ್ವಜದ ತುಕಡಿಯ ಮೂಲಕ ರಂಗಭೂಮಿಯಿಂದ ಬಂದಿತು. ನಮ್ಮಲ್ಲಿ ಡೊಳ್ಳು, ಕಂಸಾಳೆಗಳು ಮೊದಲನೆಯ ಬಗೆಗೆ ಸಮೀಪದವು. ನಂದಿಕೋಲಿನ ಕುಣಿತದಲ್ಲಿ ಮಾತ್ರ ಎತ್ತರದ ಧ್ವಜವನ್ನು ಹೊತ್ತವನು ಒಬ್ಬ, ಅವನ ಹೆಜ್ಜೆಗೆ ವಾದ್ಯವನ್ನು ಬಾರಿಸುವವನು ಇನ್ನೊಬ್ಬ. ಆದರೂ ಧ್ವಜಧಾರಿಯು ಅಲ್ಲಿ ಆದಿಯಿಂದಲೂ ನರ್ತಕನೇ. ದಂಡಿನ ಧ್ವಜವು ನರ್ತನವನ್ನು ಕಲಿಯಲು ರಣರಂಗವನ್ನು ಬಿಡಬೇಕಾಯಿತು. ದೇವರ ಧ್ವಜಕ್ಕೆ ಆ ತಡೆ ಇರಲಿಲ್ಲ.

ವಾದ್ಯವಿದ್ಯೆಯ ಚರಿತ್ರೆಯನ್ನು ಬರೆಯುವವರು ಸ್ವರವನ್ನೂ ರಚನೆಯನ್ನೂ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ನುಡಿಸುವ ದೇಹವನ್ನು ಬದಿಗೆ ಸರಿಸುವುದು ರೂಢಿಯಾಗಿದೆ. ಕುಳಿತು ನುಡಿಸುವವನಿಗೆ ವಿದ್ವಾಂಸನೆಂಬ ಬಿರುದು, ಕುಣಿದು ನುಡಿಸುವವನಿಗೆ ಮೇಳದವನೆಂಬ ಹೆಸರು. ಮೇಲೆ ನಿರೂಪಿಸಿದ ಚರಿತ್ರೆಯು ಈ ತಾರತಮ್ಯವು ನಾದದ ಸ್ವಭಾವದಿಂದ ಹುಟ್ಟಿದುದಲ್ಲ, ಸಮಾಜದ ಪಂಕ್ತಿಭೇದದಿಂದ ಹುಟ್ಟಿದುದೆಂಬುದನ್ನು ತೋರಿಸುತ್ತದೆ. ನಮ್ಮ ನಾಡಿನ ಡೊಳ್ಳಿನ ಮೇಳಗಳ ಹೆಜ್ಜೆ, ಗತ್ತು, ಉಸಿರುಗಳ ಸಂಬಂಧವನ್ನು ಇದೇ ದೃಷ್ಟಿಯಿಂದ ಅಳೆದು ಬರೆದಿಡುವ ಕೆಲಸಕ್ಕೆ ವಿದ್ವಾಂಸರು ಮನಸ್ಸುಮಾಡಿದರೆ, ಶಾರ್ಙ್ಗದೇವನ ಲಕ್ಷಣಕ್ಕೆ ನಮ್ಮ ಹಳ್ಳಿಗಳಲ್ಲಿಯೇ ದೊರೆಯುವ ಲಕ್ಷ್ಯವು ಶಾಸ್ತ್ರದ ಬೆಳಕಿಗೆ ಬಂದೀತು.