ಜ್ವರದ ಫಿಟ್ಸ್ ಮತ್ತು ಬೆನ್ನುನೀರಿನ ಪರೀಕ್ಷೆ: ಸರಸಂಬಾದ ಮಗುವಿಗೆ ಯಾವ ಅಳತೆ?

ಜ್ವರದೊಡನೆ ಫಿಟ್ಸ್ ಬಂದ ಮಗುವಿಗೆ ಮಿದುಳುಪೊರೆಯ ಉರಿಯೂತ ಇದೆಯೇ ಎಂದು ತಿಳಿಯಲು ಬೆನ್ನುನೀರು ತೆಗೆಯಬೇಕೇ ಎಂಬುದನ್ನು ಬಹುಕಾಲ ವಯಸ್ಸೇ ತೀರ್ಮಾನಿಸುತ್ತಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 1996ರ ಸಲಹೆಯಲ್ಲಿ ವರ್ಷದೊಳಗಿನ ಕೂಸಿಗೆ ಪರೀಕ್ಷೆಯ ಕಡೆಗೇ ಒಲವಿತ್ತು. 2009ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನ ಮೊದಲ ಸಲ ಸರಳ ಫಿಟ್ಸ್ ಬಂದ, 6ರಿಂದ 18 ತಿಂಗಳ 704 ಮಕ್ಕಳನ್ನು ನೋಡಿತು. ಒಂದು ಮಗುವಿನಲ್ಲೂ ಬ್ಯಾಕ್ಟೀರಿಯಾದ ಮಿದುಳುಪೊರೆ ಉರಿಯೂತ ಸಿಗಲಿಲ್ಲ. 2011ರಲ್ಲಿ ಅಕಾಡೆಮಿ ಸಲಹೆ ಬದಲಿಸಿತು. ಕತ್ತು ಬಿಗಿದಿದ್ದರೆ ಪರೀಕ್ಷೆ ಆಗಲೇಬೇಕು. ಅಂಥ ಲಕ್ಷಣವಿಲ್ಲದಾಗ, 6ರಿಂದ 12 ತಿಂಗಳ ಕೂಸಿನ ಲಸಿಕೆ ಅಪೂರ್ಣವಾಗಿದ್ದರೆ ಅಥವಾ ಮಗುವಿಗೆ ಮೊದಲೇ ಆಂಟಿಬಯೋಟಿಕ್ ಬಿದ್ದಿದ್ದರೆ ಪರೀಕ್ಷೆ ವೈದ್ಯರ ವಿವೇಚನೆಗೆ ಬಿಟ್ಟದ್ದು. ಅಲ್ಲಿ ಉಪನಿಯಮವಾಗಿರುವ ಈ ಎರಡು ಷರತ್ತುಗಳೇ ಆಳಂದ ತಾಲ್ಲೂಕಿನ ಸರಸಂಬಾದಂಥ ಗಡಿಹಳ್ಳಿಯಲ್ಲಿ ಮುಖ್ಯ ನಿಯಮವಾಗಬೇಕು ಎಂಬುದು ನನ್ನ ವಾದ.

ಬಾಸ್ಟನ್ನಿನ ಸೊನ್ನೆಯ ಹಿಂದೆ ಲಸಿಕೆಯ ಬಲವಿದೆ. ಈ ಉರಿಯೂತ ತರುವ ಬ್ಯಾಕ್ಟೀರಿಯಾಗಳಲ್ಲೊಂದಾದ ನ್ಯೂಮೊಕಾಕಸ್ ವಿರುದ್ಧದ ಲಸಿಕೆ ನಮ್ಮ ದೇಶದ ಎಲ್ಲ ರಾಜ್ಯಗಳಿಗೆ ವಿಸ್ತರಿಸಿದ್ದು 2021ರಲ್ಲಷ್ಟೇ. ದುಡಿಯಲು ಪುಣೆ, ಮುಂಬೈಗೆ ಹೋಗಿಬರುವ ಮನೆಗಳಲ್ಲಿ ಒಂದೆರಡು ಡೋಸು ತಪ್ಪುವುದು ಸಹಜ. ತಾಯಿ ಕಾರ್ಡ್‌ನಲ್ಲಿ ಲಸಿಕೆಗಳ ದಾಖಲೆ ಪೂರ್ತಿಯಾಗಿದ್ದು, ಫಿಟ್ಸ್ ನಿಂತಮೇಲೆ ಮಗು ಆಡುತ್ತಿದ್ದರೆ ಸೂಜಿ ಬೇಡ. ಕಾರ್ಡೇ ಇಲ್ಲದಿದ್ದರೆ ಆ ಧೈರ್ಯಕ್ಕೆ ಆಧಾರವಿಲ್ಲ. ಇನ್ನು, ಊರಲ್ಲೇ ಆಂಟಿಬಯೋಟಿಕ್ ಇಂಜೆಕ್ಷನ್ ಮಾಡಿಸಿಕೊಂಡು ಕಲಬುರಗಿ ತಲುಪಿದ ಮಗುವಿನಲ್ಲಿ ರೋಗಲಕ್ಷಣ ಮಸುಕಾಗಿರಬಹುದು.

ಔಷಧಿ ಬಿದ್ದಮೇಲೆ ನೀರು ತೆಗೆದೇನು ಫಲ ಎಂಬ ಆಕ್ಷೇಪ ಅರ್ಧ ನಿಜ. ಇದೇ ಉರಿಯೂತ ತರುವ ಇನ್ನೊಂದು ಬ್ಯಾಕ್ಟೀರಿಯಾ ಮೆನಿಂಗೊಕಾಕಸ್ ಎರಡೇ ಗಂಟೆಯೊಳಗೆ ಕಲ್ಚರಿನಿಂದ ಮಾಯವಾಗಬಲ್ಲದು. ಆದರೆ ಬಿಳಿಕಣಗಳ ಏರಿಕೆ ಅಷ್ಟು ಬೇಗ ಇಳಿಯದು. ಕ್ಷಯದ ಸುಳಿವೂ ಆ ನೀರಲ್ಲೇ ಇದೆ. ಹಾಗೆಂದು ಪರೀಕ್ಷೆಗಾಗಿ ಔಷಧಿ ತಡೆಹಿಡಿಯುವುದು ಇನ್ನೂ ದೊಡ್ಡ ತಪ್ಪು. ಮಗು ಶಾಕ್‌ನಲ್ಲಿದ್ದರೆ, ಉಸಿರು ಹದಗೆಟ್ಟಿದ್ದರೆ, ತಲೆಯೊಳಗಿನ ಒತ್ತಡ ಏರಿದ ಗುರುತಿದ್ದರೆ ಔಷಧಿ ಮೊದಲು, ಸೂಜಿ ಆಮೇಲೆ; ಸಿ.ಟಿ. ಸ್ಕ್ಯಾನ್ ಸರಿಯಿದೆ ಎಂಬುದೊಂದೇ ಅಭಯವಲ್ಲ. ‘ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವ’ ಎಂಬ ಅಂಜಿಕೆಯನ್ನು ನಗೆಯಾಡಿ ತಳ್ಳದೆ ಬಿಡಿಸಿ ಹೇಳಬೇಕು: ನವಜಾತ ಶಿಶುವಿನಲ್ಲೂ ಬೆನ್ನುಹುರಿ ಸೊಂಟದ ಮೂರನೆಯ ಮೂಳೆಯ ಸುಮಾರಿಗೆ ಮುಗಿಯುತ್ತದೆ, ಸೂಜಿ ಅದರ ಕೆಳಗೆ ಹೋಗುತ್ತದೆ. ಊರಿನ ವೈದ್ಯರಲ್ಲಿ ಕೇಳಿಕೊಳ್ಳುವುದಿಷ್ಟೆ: ಕಲಬುರಗಿಗೆ ಕಳಿಸುವ ಚೀಟಿಯಲ್ಲಿ ಕೊಟ್ಟ ಔಷಧಿಯ ಹೆಸರು, ಪ್ರಮಾಣ, ಗಂಟೆ ಬರೆದು, ತಾಯಿ ಕಾರ್ಡನ್ನೂ ಜೊತೆಗೇ ಕಳಿಸಿ.